ಅಬಾರ್ಷನ್ ಎಂದರೆ ‘ಮಾಡಿಸಿಕೊಂಡದ್ದು’ ಎಂದೇ ಅಲ್ಲ

ಮಾನ್ಯ ಸಂಪಾದಕರೇ,

ಬೇರೆ ಭಾಷೆಗಳಿಂದ ಕನ್ನಡಕ್ಕೆ ಬರುವ ಆರೋಗ್ಯ ಸುದ್ದಿಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ನುಸುಳುತ್ತದೆ. ಮೂಲದಲ್ಲಿ ‘ಸ್ಪಾಂಟೇನಿಯಸ್ ಅಬಾರ್ಷನ್’ (ತಾನಾಗಿ ಆದ ಗರ್ಭಪಾತ) ಎಂದಿದ್ದದ್ದು ಶೀರ್ಷಿಕೆಯಾಗುವಷ್ಟರಲ್ಲಿ ವಿಶೇಷಣ ಉದುರಿ ಬರೀ ‘ಗರ್ಭಪಾತ’ವಾಗುತ್ತದೆ, ಸುದ್ದಿಯ ಒಳಗೆ ಅದೇ ‘ಗರ್ಭಪಾತ ಮಾಡಿಸಿಕೊಂಡ ಮಹಿಳೆಯರು’ ಎಂದು ಬೆಳೆಯುತ್ತದೆ. ತಾನಾಗಿ ಹೋದ ಗರ್ಭದ ಅಧ್ಯಯನ, ಬೇಕೆಂದು ತೆಗೆಸಿದ ಗರ್ಭದ ಸುದ್ದಿಯಾಗಿ ಓದುಗರಿಗೆ ತಲುಪುತ್ತದೆ.

‘ಅಬಾರ್ಷನ್’ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ‘ಓರಿರಿ’ ಎಂದರೆ ಮೂಡುವುದು, ಹುಟ್ಟುವುದು. ಪೂರ್ವ ದಿಕ್ಕಿಗೆ ಲ್ಯಾಟಿನ್‌ನವರು ‘ಓರಿಯೆನ್ಸ್’ ಎಂದದ್ದೂ ನಾವು ಮೂಡಣ ಎಂದದ್ದೂ ಒಂದೇ ಕಾರಣಕ್ಕೆ. ಅದರ ಮೊದಲಿಗೆ ‘ಅಬ್’ ಸೇರಿದರೆ ‘ಅಬೋರಿರಿ’, ಅಂದರೆ ಮೂಡಬೇಕಾದದ್ದು ಮೂಡದೆ ಹೋಗುವುದು. ‘ಅಬೊರ್ಟುಸ್’ ಬಂದದ್ದು ಇಲ್ಲಿಂದ. ಈ ಕ್ರಿಯಾಪದ ಅಕರ್ಮಕ. ಯಾರೋ ಮಾಡುವ ಕೆಲಸವಲ್ಲ, ತಾನಾಗಿ ಆಗುವಂಥದ್ದು. ಬೇಕೆಂದು ಹೊರಹಾಕುವುದಕ್ಕೆ ರೋಮನ್ ಕಾನೂನಿನಲ್ಲಿ ‘ಪಾರ್ಟುಮ್ ಅಬಿಗೆರೆ’, ಗರ್ಭವನ್ನು ಓಡಿಸುವುದು, ಎಂಬ ಬೇರೆಯದೇ ಮಾತಿತ್ತು. ಜರ್ಮನ್ನರ ‘ಅಪ್‌ಟ್ರೈಬುಂಗ್’ ಎಂಬ ಪದದ ಜಾಡೂ ಅದೇ.

ಪದ ಊರೂರು ಸುತ್ತುತ್ತಾ ಹೋದಂತೆ ಅರ್ಥ ಒಂದು ಕಡೆಗೆ ವಾಲಿತು. ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್‌ಗಳಲ್ಲಿ ‘ಅಬೊರ್ಟೊ’ ಇಂದಿಗೂ ಎರಡಕ್ಕೂ ಸಲ್ಲುತ್ತದೆ. ಯಾವುದೆಂದು ಹೇಳಲು ‘ತಾನಾಗಿ’ ಎಂದೋ ‘ಮಾಡಿಸಿದ’ ಎಂದೋ ಸೇರಿಸಲೇಬೇಕು. ಇಟಲಿಯ 1978ರ ಕಾನೂನು ಈ ಗೋಜಲನ್ನು ಬದಿಗಿಟ್ಟು ‘ಗರ್ಭದ ಸ್ವಇಚ್ಛೆಯ ನಿಲುಗಡೆ’ ಎಂಬರ್ಥದ ಪದಗುಚ್ಛ ಬಳಸಿತು. ಫ್ರೆಂಚರು ‘ಅವೊರ್ತ್‌ಮಾ’ ಉಳಿಸಿಕೊಂಡರೂ ತಾನಾಗಿ ಆದದ್ದಕ್ಕೆ ಮಾತಿನಲ್ಲಿ ‘ಫೋಸ್ ಕೂಶ್’ ಎನ್ನುತ್ತಾರೆ. ರಷ್ಯನ್‌ನ ‘ಅಬೋರ್ತ್’, ಸ್ವೀಡಿಷ್‌ನ ‘ಅಬೊರ್ಟ್’, ಡಚ್ಚರ ‘ಅಬೊರ್ಟಸ್’ ಜನಬಳಕೆಯಲ್ಲಿ ಮಾಡಿಸಿದ್ದನ್ನೇ ಸೂಚಿಸುತ್ತವೆ. ಇಂಡೋನೇಷ್ಯಾದಲ್ಲಿ ‘ಅಬೊರ್ಸಿ’ ಎಂದರೆ ಮಾಡಿಸಿದ್ದು. ತಾನಾಗಿ ಆದದ್ದು ‘ಕಗುಗುರಾನ್’. ‘ಗುಗುರ್’ ಎಂದರೆ ಉದುರುವುದು. ತುರ್ಕಿಯ ‘ದ್ಯುಶ್ಯುಕ್’, ಸ್ವೀಡಿಷ್‌ನ ‘ಮಿಸ್‌ಫಾಲ್’, ನಮ್ಮ ‘ಪಾತ’ ಎಲ್ಲವೂ ಬೀಳುವುದನ್ನೇ ಹೇಳುತ್ತವೆ. ಲ್ಯಾಟಿನ್ ಮೂಡದ್ದನ್ನು ಕಂಡಿತು, ಉಳಿದವರು ಬಿದ್ದದ್ದನ್ನು ಕಂಡರು. ವಿಮಾನ ಹಾರಾಟ, ರಾಕೆಟ್ ಉಡಾವಣೆಗಳನ್ನು ನಡುವೆ ನಿಲ್ಲಿಸುವುದಕ್ಕೂ ಇಂಗ್ಲಿಷರು ‘ಅಬಾರ್ಟ್’ ಎನ್ನತೊಡಗಿದ ಮೇಲೆ ಆ ಪದಕ್ಕೆ ‘ನಿರ್ಧರಿಸಿ ಮಾಡಿದ್ದು’ ಎಂಬ ಬಣ್ಣ ಇನ್ನಷ್ಟು ಗಟ್ಟಿಯಾಯಿತು.

ಹಳೆಯ ಅರ್ಥ ಅಲುಗದೆ ಕುಳಿತಿರುವುದು ವೈದ್ಯಕೀಯ ಕಾಗದಗಳಲ್ಲಿ. ದನಗಳು ಕಂದು ಹಾಕುವ ರೋಗದ ಬ್ಯಾಕ್ಟೀರಿಯಾಕ್ಕೆ ‘ಬ್ರುಸೆಲ್ಲಾ ಅಬೊರ್ಟಸ್’ ಎಂಬ ಹೆಸರು. ಅಲ್ಲಿ ಯಾರೂ ಏನನ್ನೂ ಮಾಡಿಸಿಲ್ಲ. ಮನುಷ್ಯರ ಕಡತದಲ್ಲೂ ಹೀಗೆಯೇ. ಆದ್ದರಿಂದ ನಾಮಪದವನ್ನು ಬಿಟ್ಟು ಅದರ ಮುಂದಿನ ವಿಶೇಷಣವನ್ನು ಓದಬೇಕು. ‘ಥ್ರೆಟನ್ಡ್ ಅಬಾರ್ಷನ್’ ಎಂದರೆ ರಕ್ತಸ್ರಾವವಿದೆ, ಆದರೆ ಗರ್ಭಕೊರಳು ಮುಚ್ಚಿದೆ. ಗರ್ಭ ಹೋಗಿಲ್ಲ, ಇಂಥವುಗಳಲ್ಲಿ ಬಹಳಷ್ಟು ಮುಂದುವರಿಯುತ್ತವೆ. ಇದನ್ನು ‘ಗರ್ಭಪಾತದ ಬೆದರಿಕೆ’ ಎಂದು ಅನುವಾದಿಸಿದರೆ ಯಾರೋ ಯಾರನ್ನೋ ಹೆದರಿಸಿದಂತೆ ಕೇಳಿಸುತ್ತದೆ. ‘ಇನೆವಿಟೆಬಲ್’ ಎಂದರೆ ಗರ್ಭಕೊರಳು ತೆರೆದಿದೆ, ತಡೆಯಲಾಗದು. ‘ಇನ್‌ಕಂಪ್ಲೀಟ್’ ಎಂದರೆ ಒಂದಿಷ್ಟು ಒಳಗೇ ಉಳಿದಿದೆ. ರಕ್ತ ನಿಲ್ಲದೆ ಹೋಗುವುದು, ಸೋಂಕು ತಗಲುವುದು ಇಲ್ಲಿಂದಲೇ. ಜ್ವರ, ದುರ್ವಾಸನೆಯ ಸ್ರಾವ ಸೇರಿದರೆ ‘ಸೆಪ್ಟಿಕ್’. ಅದು ತುರ್ತು ಚಿಕಿತ್ಸೆಯ ವಿಷಯ.

ಹೆಚ್ಚು ಗೊಂದಲ ಹುಟ್ಟಿಸುವುದು ‘ಮಿಸ್ಡ್ ಅಬಾರ್ಷನ್’. ಮಾಡಿಸಲು ಹೋಗಿ ತಪ್ಪಿಹೋಯಿತು ಎಂದು ಓದಿಕೊಳ್ಳುವವರಿದ್ದಾರೆ. ಭ್ರೂಣದ ಬೆಳವಣಿಗೆ ನಿಂತಿದೆ, ದೇಹ ಅದನ್ನಿನ್ನೂ ಹೊರಹಾಕಿಲ್ಲ ಎಂಬುದಷ್ಟೇ ಅದರ ಅರ್ಥ. ನೋವು, ರಕ್ತ ಏನೂ ಇಲ್ಲದಿರಬಹುದು, ಸ್ಕ್ಯಾನ್‌ನಲ್ಲೇ ಗೊತ್ತಾಗುತ್ತದೆ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಭ್ರೂಣದ ಉದ್ದ 7 ಮಿ.ಮೀ. ಅಥವಾ ಹೆಚ್ಚಿದ್ದೂ ಹೃದಯ ಬಡಿತ ಕಾಣದಿದ್ದರೆ, ಇಲ್ಲವೇ ಗರ್ಭಚೀಲದ ಸರಾಸರಿ ಅಗಲ 25 ಮಿ.ಮೀ. ಮುಟ್ಟಿಯೂ ಒಳಗೆ ಭ್ರೂಣವಿಲ್ಲದಿದ್ದರೆ ಹೀಗೆಂದು ಹೇಳುತ್ತಾರೆ. ಅದಕ್ಕಿಂತ ಚಿಕ್ಕದಿದ್ದರೆ ಕಾದು ಮತ್ತೆ ನೋಡಬೇಕು.

ಹೆರಿಗೆ ಕಡತದಲ್ಲಿ ಬರೆಯುವ ‘ಜಿ3 ಪಿ1 ಎಲ್1 ಎ1’ ಎಂಬ ಸಾಲಿನ ‘ಎ’ ಕೂಡ ಇದೇ ಪದ. ಮೂರನೆಯ ಬಸಿರು, ಒಂದು ಹೆರಿಗೆ, ಬದುಕಿರುವ ಒಂದು ಮಗು, ಹೋದದ್ದು ಒಂದು ಎಂದು ಅದರರ್ಥ. ಆ ಒಂದು ತಾನಾಗಿ ಹೋಯಿತೋ ತೆಗೆಸಿದ್ದೋ ಎಂಬುದನ್ನು ಸಾಲು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೇ ಆವೃತ್ತಿ ಹೇಳುತ್ತದೆ: ಓ03 ತಾನಾಗಿ ಆದದ್ದು, ಓ04 ವೈದ್ಯಕೀಯವಾಗಿ ಮಾಡಿದ್ದು, ಓ02.1 ಮಿಸ್ಡ್, ಓ20.0 ಥ್ರೆಟನ್ಡ್. ಬಿಡುಗಡೆ ಪತ್ರದಲ್ಲಿ ಬರೀ ‘ಅಬಾರ್ಷನ್’ ಎಂದಿದ್ದರೆ ವಿಶೇಷಣವನ್ನೂ ಈ ಸಂಕೇತವನ್ನೂ ಬರೆಸಿಕೊಳ್ಳುವುದು ಒಳ್ಳೆಯದು. ಮುಂದೆ ನೋಡುವ ವೈದ್ಯರಿಗೂ ವಿಮೆಯವರಿಗೂ ವಿವರಿಸುತ್ತಾ ಕೂರಬೇಕಾಗುವುದಿಲ್ಲ.

1985ರಲ್ಲಿ ಬ್ರಿಟನ್ನಿನ ಮೂವರು ವೈದ್ಯರು ‘ದಿ ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದು, ತಾನಾಗಿ ಆದದ್ದನ್ನು ‘ಮಿಸ್‌ಕ್ಯಾರೇಜ್’ ಎಂದೇ ಕರೆಯೋಣ ಎಂದರು. 2005ರಲ್ಲಿ ಯುರೋಪಿನ ಸಂತಾನ ವೈದ್ಯರ ಸಂಘದ ತಜ್ಞರೂ ಅದನ್ನೇ ಶಿಫಾರಸು ಮಾಡಿದರು. ಆದರೆ ಹಳೆಯ ನಮೂನೆಗಳು, ಸಂಕೇತಗಳು, ಪಠ್ಯಪುಸ್ತಕಗಳು ಅಷ್ಟು ಬೇಗ ಬದಲಾಗುವುದಿಲ್ಲ. ಬಸಿರೆಂದು ಗೊತ್ತಾದವುಗಳಲ್ಲೇ 100ಕ್ಕೆ 10ರಿಂದ 20ರಷ್ಟು ತಾನಾಗಿ ಹೋಗುತ್ತವೆ. ಆರಂಭದಲ್ಲಿ ಹೋಗುವ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ದೋಷವೇ ಕಾರಣ. ಅಂದರೆ ಈ ತಪ್ಪು ಓದಿಗೆ ಸಿಕ್ಕಿಕೊಳ್ಳುವವರು ಕೆಲವೇ ಮಂದಿಯಲ್ಲ.

ಕನ್ನಡಕ್ಕೆ ಪದದ ಕೊರತೆ ಇಲ್ಲ. ಆಯುರ್ವೇದದಲ್ಲಿ ನಾಲ್ಕನೇ ತಿಂಗಳವರೆಗೆ ಗರ್ಭಸ್ರಾವ, ಐದು-ಆರನೇ ತಿಂಗಳಲ್ಲಿ ಗರ್ಭಪಾತ ಎಂಬ ಭೇದವಿದೆ. ಆದರೆ ಅದು ತಿಂಗಳ ಲೆಕ್ಕ, ಯಾರು ಮಾಡಿದರೆಂಬುದರದ್ದಲ್ಲ. ಹಾಗಾಗಿ ಗರ್ಭಸ್ರಾವ ಎಂದರೆ ತಾನಾಗಿ, ಗರ್ಭಪಾತ ಎಂದರೆ ಮಾಡಿಸಿದ್ದು ಎಂದು ಹಂಚಿಬಿಡುವುದು ಸರಿಯಲ್ಲ. ನಮ್ಮಲ್ಲಿ ಕೆಲಸ ಮಾಡುವುದು ಕ್ರಿಯಾಪದ. ‘ಗರ್ಭಪಾತವಾಯಿತು’, ‘ಗರ್ಭಪಾತ ಮಾಡಿಸಿಕೊಂಡರು’: ಇವೆರಡನ್ನು ಯಾರೂ ಕಲಸಿಕೊಳ್ಳುವುದಿಲ್ಲ. ಶೀರ್ಷಿಕೆಗೆ ಜಾಗ ಸಾಲದೆಂದು ಕ್ರಿಯಾಪದ ಕತ್ತರಿಸಿದಾಗಲೇ ಗೊಂದಲ. ಬಸಿರು ಇಳಿಯಿತು, ಬಸಿರು ಇಳಿಸಿದರು ಎಂಬ ಮಾತುಗಳಲ್ಲೂ ಇದೇ ಸ್ಪಷ್ಟತೆಯಿದೆ, ಅಕ್ಷರವೂ ಕಡಿಮೆ.

ಅನುವಾದಿಸುವವರಿಗೆ ಇನ್ನೊಂದು ಎಚ್ಚರಿಕೆ. ಮೂಲದಲ್ಲಿ ವಿಶೇಷಣವಿಲ್ಲದಿದ್ದರೆ ಔಷಧದ ಹೆಸರು ನೋಡಿ ತೀರ್ಮಾನಿಸಬೇಡಿ. ಗರ್ಭಪಾತದ ಮಾತ್ರೆಗಳೆಂದೇ ಹೆಸರಾದ ಮಿಸೊಪ್ರೊಸ್ಟಾಲ್, ಮಿಫೆಪ್ರಿಸ್ಟೋನ್ ಎರಡನ್ನೂ ತಾನಾಗಿ ನಿಂತ ಗರ್ಭವನ್ನು ಹೊರತರಲೂ ಕೊಡುತ್ತಾರೆ. ಗರ್ಭಕೊರಳನ್ನು ಹಿಗ್ಗಿಸಿ ಗರ್ಭಕೋಶದ ಒಳಗಿನದನ್ನು ಕೆರೆದು ತೆಗೆಯುವ ‘ಡಿ ಅಂಡ್ ಸಿ’ಯೂ ಅಷ್ಟೇ. ಅಧ್ಯಯನಕ್ಕೆ ಯಾರನ್ನು ಸೇರಿಸಿಕೊಂಡರು ಎಂದು ಹೇಳುವ ಭಾಗವನ್ನು ಓದಿ. ಅಲ್ಲೂ ಗೊತ್ತಾಗದಿದ್ದರೆ ‘ಗರ್ಭ ನಷ್ಟ’ ಎಂದು ಬರೆದರೆ ಸಾಕು.

— ವೈದ್ಯಕೀಯ ಬರಹಗಳ ಅನುವಾದಕರು