ಗೆಳೆಯನಿಗೊಂದು ಪತ್ರ: ಆಶ್‌ಬರ್ನ್‌ನ ಕರೆಂಟು ಬಿಲ್ಲು

ಪ್ರಿಯ ಗಣಪತಿ,

"ಅಮೆರಿಕದಲ್ಲೂ ಕರೆಂಟು ಬಿಲ್ಲಿಗೆ ಜಗಳ ಆಡ್ತಾರಾ ಮಾರಾಯ?" ಅಂತ ನೀನು ಕೇಳಿದ್ದಕ್ಕೆ ನಗು ಬಂತು. ಆಡುತ್ತಾರೆ. ಈಗಂತೂ ಅದರ ಮೇಲೆ ಚುನಾವಣೆಯನ್ನೇ ಗೆಲ್ಲುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಕಥೆ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನಿರುವ ಆಶ್‌ಬರ್ನ್ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿದೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಒಂದು ಕಾಲಕ್ಕೆ ಇಲ್ಲಿ ದನ, ಕುದುರೆ, ಹುಲ್ಲುಗಾವಲು ಇತ್ತು. 1990ರ ದಶಕದಲ್ಲಿ ಇಂಟರ್‌ನೆಟ್ ಕಂಪನಿಗಳು ಈ ಸುತ್ತಿನಲ್ಲಿ ಬೀಡುಬಿಟ್ಟವು, ನೆಲದಡಿ ಫೈಬರ್ ಬಂತು, ಫೈಬರ್ ಹಿಂದೆಯೇ ಡಾಟಾ ಸೆಂಟರ್‌ಗಳು, ಅಂದರೆ ಇಂಟರ್‌ನೆಟ್ ನಡೆಸುವ ಕಂಪ್ಯೂಟರ್‌ಗಳನ್ನು ಸಾಲುಸಾಲಾಗಿ ತುಂಬಿದ ಕಟ್ಟಡಗಳು ಬಂದವು. ಈಗ ಕೌಂಟಿಯಲ್ಲಿ ಹತ್ತಿರ ಹತ್ತಿರ 200 ಇವೆ. ಜಗತ್ತಿನಲ್ಲಿ ಇಷ್ಟು ಒತ್ತಾಗಿ ಬೇರೆಲ್ಲೂ ಇಲ್ಲ. ಮಗಳನ್ನು ಶಾಲೆಗೆ ಬಿಡುವ ದಾರಿಯಲ್ಲೇ ನಾಲ್ಕು ಸಿಗುತ್ತವೆ. ಕಿಟಕಿ ಇಲ್ಲ, ಬೋರ್ಡೂ ಇಲ್ಲ, ನೋಡಿದರೆ ದೊಡ್ಡ ಅಡಿಕೆ ಗೋದಾಮಿನ ಹಾಗೆ. ಹೊರಗೆ ಸಾಲಾಗಿ ಡೀಸೆಲ್ ಜನರೇಟರ್. ಹತ್ತಿರ ಹೋದರೆ ಗುಂಯ್ ಅನ್ನುವ ಸದ್ದು, ಹಗಲೂ ರಾತ್ರಿ.

ಸದ್ದಿಗಿಂತ ಅವುಗಳ ಹಸಿವು ದೊಡ್ಡದು. 2023ರಲ್ಲಿ ಇಡೀ ವರ್ಜೀನಿಯಾ ರಾಜ್ಯದ ವಿದ್ಯುತ್ತಿನಲ್ಲಿ ಕಾಲು ಭಾಗವನ್ನು ಡಾಟಾ ಸೆಂಟರ್‌ಗಳೇ ನುಂಗಿದವು. ಎಐ ಬಂದ ಮೇಲೆ ಇನ್ನೂ ಜಾಸ್ತಿ. 2024ರ ಜುಲೈನಲ್ಲಿ ಪಕ್ಕದ ಫೇರ್‌ಫ್ಯಾಕ್ಸ್ ಕಡೆ ಒಂದು 230 ಕೆವಿ ಲೈನಿನಲ್ಲಿ ದೋಷ ಆಯಿತು. ವೋಲ್ಟೇಜ್ ಅಲುಗಾಡಿದ್ದೇ ತಡ, 60 ಡಾಟಾ ಸೆಂಟರ್‌ಗಳು ಗ್ರಿಡ್ ಬಿಟ್ಟು ತಮ್ಮ ಬ್ಯಾಟರಿ, ಜನರೇಟರ್‌ಗೆ ಹೋಗಿಬಿಟ್ಟವು. ಒಂದೇ ಏಟಿಗೆ 1,500 ಮೆಗಾವ್ಯಾಟ್ ಬೇಡಿಕೆ ಮಾಯ! ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ತಿರುಗಿದರೆ ಬರುವುದು 1,035 ಮೆಗಾವ್ಯಾಟ್. ಅದರ ಒಂದೂವರೆ ಪಟ್ಟು. ಲೋಡ್ ಹಾಗೆ ದಿಢೀರ್ ಇಳಿದರೂ ಉತ್ಪಾದನೆಗೂ ಬಳಕೆಗೂ ತಾಳೆ ತಪ್ಪಿ ಗ್ರಿಡ್‌ಗೆ ಅಪಾಯವೇ ಅಂತ ನಿನಗೆ ನಾನು ಹೇಳಬೇಕಾಗಿಲ್ಲ, ಲೈನ್‌ಮನ್ ಮಗ ನೀನು.

ಈಗ ಬಿಲ್ಲಿಗೆ ಬರುತ್ತೇನೆ. ಇಲ್ಲಿ 13 ರಾಜ್ಯ ಮತ್ತು ವಾಷಿಂಗ್ಟನ್ ಡಿಸಿಗೆ ಪಿಜೆಎಂ ಅಂತ ಒಂದೇ ಗ್ರಿಡ್ ಸಂಸ್ಥೆ. ಅವರೊಂದು ಹರಾಜು ನಡೆಸುತ್ತಾರೆ. ಮದುವೆಗೆ ಮೊದಲೇ ಅಡುಗೆಭಟ್ಟರಿಗೆ ಮುಂಗಡ ಕೊಟ್ಟು ಹಿಡಿದಿಟ್ಟುಕೊಳ್ಳುವುದಿಲ್ಲವಾ, ಹಾಗೆ. ಬೇಕಾದಾಗ ಸಿದ್ಧವಿರಿ ಅಂತ ವಿದ್ಯುತ್ ಸ್ಥಾವರಗಳಿಗೆ ಮುಂಚೆಯೇ ದುಡ್ಡು ಗೊತ್ತುಮಾಡುವುದು. ಆ ದರ ಒಂದು ಮೆಗಾವ್ಯಾಟ್‌ಗೆ ದಿನಕ್ಕೆ 28.92 ಡಾಲರ್ ಇತ್ತು. 2024ರ ಹರಾಜಿನಲ್ಲಿ 269.92 ಆಯಿತು. ಮರುವರ್ಷ 329.17. ಹಳೇ ಸ್ಥಾವರಗಳು ಮುಚ್ಚುತ್ತಿವೆ, ಹೊಸವಕ್ಕೆ ಗ್ರಿಡ್ ಸೇರಲು ವರ್ಷಗಟ್ಟಲೆ ಸರದಿ, ಅದರ ಮೇಲೆ ಡಾಟಾ ಸೆಂಟರ್ ಬೇಡಿಕೆ. ಊಟಕ್ಕೆ ಜನ ಹೆಚ್ಚಾದರು, ಭಟ್ಟರು ಕಮ್ಮಿಯಾದರು. ಆದರೆ ಖರ್ಚು ಹಂಚುವಾಗ ಪಂಕ್ತಿಯ ಕೊನೆಯಲ್ಲಿ ಎರಡು ತುತ್ತು ಉಂಡವನ ಮೇಲೂ ಬೀಳುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರೇ ಇರುವ ಒಂದು ಅಜ್ಜಿ ಚಳಿಗಾಲದಲ್ಲಿ ಎರಡು ರೂಮಿನ ಹೀಟರ್ ಆಫ್ ಮಾಡಿ ಕೂತಿರುತ್ತಾರೆ. ಅವರು ಎಐಗೆ ಒಂದು ಪ್ರಶ್ನೆ ಕೇಳಿದವರಲ್ಲ.

ಹಾಗಂತ ನಾನು ಕಂಪನಿಗಳನ್ನು ಸುಮ್ನೆ ಬೈದರೆ ಅದು ಕಳ್ಳಾಟ. ನನ್ನ ಕೆಲಸವೇ ಕ್ಲೌಡ್ ಮೇಲೆ, ಅಂದರೆ ಇಂಥದೇ ಡಾಟಾ ಸೆಂಟರ್‌ಗಳ ಕಂಪ್ಯೂಟರ್‌ಗಳ ಮೇಲೆ. ಇಲ್ಲಿ ಮನೆ ತೆರಿಗೆ 2025ರಲ್ಲಿ ನೂರು ಡಾಲರ್ ಬೆಲೆಗೆ 80.5 ಸೆಂಟ್. ಪಕ್ಕದ ಫೇರ್‌ಫ್ಯಾಕ್ಸ್‌ನಲ್ಲಿ ಒಂದು ಡಾಲರ್ ದಾಟಿದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಡಾಟಾ ಸೆಂಟರ್‌ಗಳ ಒಳಗಿರುವ ಕಂಪ್ಯೂಟರ್‌ಗಳ ಮೇಲಿನ ತೆರಿಗೆ. ಮಗಳ ಶಾಲೆಯ ಹೊಸ ಕಟ್ಟಡ ನೋಡಿದಾಗೆಲ್ಲ ನನಗೆ ಅದು ನೆನಪಾಗುತ್ತದೆ. ನಮ್ಮ ಬಡಾವಣೆಯ ಪಕ್ಕ ಹೈಟೆನ್ಷನ್ ಲೈನ್ ಬರುತ್ತದೆ ಅಂದಾಗ ನಾವೆಲ್ಲ, ಅರ್ಧ ಜನ ತೆಲುಗರು, ತಮಿಳರು, ನಾವು ಕೆಲವು ಕನ್ನಡದವರು, ನೆಲದಡಿ ಹಾಕಿ ಅಂತ ಸಭೆಗೆ ಹೋದೆವು. ಅದಕ್ಕೆ ಖರ್ಚೂ ಜಾಸ್ತಿ, ಸಮಯವೂ ಜಾಸ್ತಿ ಅನ್ನುವ ಉತ್ತರ ಬಂತು. ಹಿಂದಿನ ಕುರ್ಚಿಯಲ್ಲಿದ್ದವನು ಇದನ್ನೆಲ್ಲ ಫೋನಿನಲ್ಲಿ ಲೈವ್ ಬಿಡುತ್ತಿದ್ದ. ಆ ವಿಡಿಯೋ ಎಲ್ಲಿ ಹೋಗಿ ಕೂರುತ್ತದೆ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಪಕ್ಕದ ಪ್ರಿನ್ಸ್ ವಿಲಿಯಂ ಕೌಂಟಿಯ ಕಥೆ ಇನ್ನೂ ಸ್ವಾರಸ್ಯ. ಅಮೆರಿಕದ ಅಂತರ್ಯುದ್ಧದಲ್ಲಿ 1861 ಮತ್ತು 1862ರಲ್ಲಿ ಎರಡು ಸಲ ಕಾಳಗ ನಡೆದ ಮನಾಸಸ್ ಬಯಲಿನ ಪಕ್ಕ 2,100 ಎಕರೆಯಲ್ಲಿ ಡಾಟಾ ಸೆಂಟರ್ ಕಟ್ಟಲು 2023ರ ಡಿಸೆಂಬರ್‌ನಲ್ಲಿ ಕೌಂಟಿ ಮಂಡಳಿಯವರು ಒಪ್ಪಿಗೆ ಕೊಟ್ಟರು. ಸಭೆ ಒಂದೇ ಸಮನೆ 27 ಗಂಟೆ ನಡೆಯಿತು. 2025ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಜನರಿಗೆ ನೋಟಿಸ್ ಸರಿಯಾಗಿ ಕೊಟ್ಟಿಲ್ಲ ಅಂತ ಒಪ್ಪಿಗೆಯನ್ನೇ ರದ್ದು ಮಾಡಿದರು. ಜಮೀನು ಮಾರಲು ಮುಂದೆ ಬಂದವರಲ್ಲಿ ಅಲ್ಲಿನ ಹಳೇ ಜನರೇ ಇದ್ದರು. ಹೇಗೂ ನಮ್ಮ ಹೊಲದ ಮೇಲೆ ಹೈಟೆನ್ಷನ್ ಲೈನ್ ಎಳೆದಾಗಿದೆ, ಇನ್ನೇನು ಉಳಿದಿದೆ ಅನ್ನುವುದು ಅವರ ವಾದ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

ಪಕ್ಷಗಳ ಲೆಕ್ಕವೂ ಇಲ್ಲಿ ಕೈಕೊಡುತ್ತದೆ. ಎಡಪಂಥದ ಬರ್ನಿ ಸ್ಯಾಂಡರ್ಸ್ ಹೊಸ ಡಾಟಾ ಸೆಂಟರ್‌ಗಳಿಗೆ ತಡೆ ಹಾಕಿ ಅಂದರೆ, ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಫ್ಲೋರಿಡಾ ಗವರ್ನರ್ ಡಿಸಾಂಟಿಸ್ ಕೂಡ ಕಡಿವಾಣ ಬೇಕು ಅನ್ನುತ್ತಾರೆ. ಟ್ರಂಪ್ ಸರ್ಕಾರ ಮಾತ್ರ ಬೇಗ ಬೇಗ ಪರವಾನಗಿ ಕೊಡಿ ಅನ್ನುತ್ತಿದೆ. ಜಾರ್ಜಿಯಾದಲ್ಲಿ ಕರೆಂಟು ದರ ತೀರ್ಮಾನಿಸುವ ಆಯೋಗಕ್ಕೇ ಜನ ವೋಟು ಹಾಕುತ್ತಾರೆ ನೋಡು, 2025ರ ನವೆಂಬರ್‌ನಲ್ಲಿ ಇಬ್ಬರು ರಿಪಬ್ಲಿಕನ್ನರನ್ನು ಮನೆಗೆ ಕಳಿಸಿದರು.

ವರ್ಜೀನಿಯಾ ಶಾಸನಸಭೆಯ ತಪಾಸಣಾ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಇಲ್ಲಿಯವರೆಗೆ ಡಾಟಾ ಸೆಂಟರ್‌ಗಳು ತಮ್ಮ ಪಾಲು ಕಟ್ಟಿವೆ, ಆದರೆ ಬೇಡಿಕೆ ಹೀಗೇ ಏರಿದರೆ 2040ರ ಹೊತ್ತಿಗೆ ಮನೆ ಬಿಲ್ಲು ತಿಂಗಳಿಗೆ 14ರಿಂದ 37 ಡಾಲರ್ ಜಾಸ್ತಿಯಾಗಬಹುದು ಅಂತ. ಆಮೇಲೆ ಕರೆಂಟು ದರ ತೀರ್ಮಾನಿಸುವ, ನಮ್ಮ ಕೆಇಆರ್‌ಸಿಯಂಥ ಇಲ್ಲಿನ ಆಯೋಗ ಒಂದು ಆದೇಶ ಮಾಡಿತು. 25 ಮೆಗಾವ್ಯಾಟ್ ಅಥವಾ ಜಾಸ್ತಿ ಕೇಳುವ ಹೊಸ ಗ್ರಾಹಕರು 2027ರಿಂದ 14 ವರ್ಷದ ಕರಾರು ಬರೆಯಬೇಕು. ಕರೆಂಟು ಬಳಸಲಿ ಬಿಡಲಿ, ಕೇಳಿದ್ದರಲ್ಲಿ ಲೈನಿನ ಖರ್ಚಿಗೆ ಶೇ 85, ಉತ್ಪಾದನೆಯ ಖರ್ಚಿಗೆ ಶೇ 60 ಕಟ್ಟಲೇಬೇಕು. ಎಐ ಗಾಳಿ ಇಳಿದು ಅವರು ಗಂಟುಮೂಟೆ ಕಟ್ಟಿದರೆ ಕಂಬ, ತಂತಿಯ ಸಾಲ ಆ ಅಜ್ಜಿಯ ತಲೆಗೆ ಬರಬಾರದು, ಅಷ್ಟೇ. ಇದು ನನಗೆ ಒಪ್ಪಿಗೆಯಾಯಿತು. ಇದು ಹರಾಜಿನ ದರವನ್ನು ಇಳಿಸುವುದಿಲ್ಲ, ನಿಜ. ಆದರೂ ಯಾರು ಕೇಳಿದರೋ ಅವರ ಹೆಸರಿಗೆ ಲೆಕ್ಕ ಬರೆದಿದ್ದಾರಲ್ಲ.

ಆ ಆದೇಶದ ಸುದ್ದಿ ಓದಿದ ರಾತ್ರಿ ದೊಡ್ಡಪ್ಪ ನೆನಪಾದರು. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಅವರಿಗೆ ಹನ್ನೆರಡು ವರ್ಷ. ಗದ್ದೆ, ತೋಟ, ಮನೆ ಎಲ್ಲ ಮುಳುಗಡೆ. ಬೆಂಗಳೂರಿನ ದೀಪಗಳಿಗೆ ಕರೆಂಟು ಹೋಯಿತು. ತುಮರಿಯಲ್ಲಿ ದೊಡ್ಡಪ್ಪ ಎಷ್ಟೋ ವರ್ಷ ಚಿಮಣಿ ಬುಡ್ಡಿಯಲ್ಲೇ ಲೆಕ್ಕ ಬರೆಯುತ್ತಿದ್ದರು. ಹದಿನಾಲ್ಕು ವರ್ಷದ ಕರಾರು ಬಿಡು, ಅವರ ಕೈಗೆ ಸರಿಯಾದ ಒಂದು ಚೀಟಿಯನ್ನೂ ಯಾರೂ ಕೊಡಲಿಲ್ಲ.

ಸಿಗಂದೂರು ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ಕೆಲಸ ಇಲ್ಲ, ಅಲ್ವಾ? ಒಂದು ಭಾನುವಾರ ಬೈಕ್ ಹತ್ತಿ ಅವರ ಮನೆಗೆ ಹೋಗಿ ಬಾ. ಹಕ್ಕುಪತ್ರದ ಅರ್ಜಿ ಏನಾಯಿತು ಅಂತ ಕೇಳು. ನಾನು ಕೇಳಿದರೆ "ಆಗ್ತದೆ ಬಿಡು" ಅಂತ ಫೋನ್ ಇಡುತ್ತಾರೆ.

ನಿನ್ನ,
ರಾಘು