ಪುಟ್ಟಿ ಹಚ್ಚುವ ಮುಂಚೆ ತುಕ್ಕು ನೋಡಿ

ಮಾನ್ಯರೆ,

ಹಳೆಯ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ಗಳನ್ನು ಮತ್ತೆ ರಸ್ತೆಗಿಳಿಸುವವರನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ಲಕ್ಷಗಟ್ಟಲೆ ಸುರಿದ ಕಾರಿನ ಬಾಗಿಲಡಿಯಲ್ಲಿ ಎರಡನೇ ಮಳೆಗಾಲಕ್ಕೇ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ. ಉಗುರಲ್ಲಿ ಕೆರೆದರೆ ಒಳಗಿಂದ ಕಂದು ನೀರು. ಬೈಗುಳ ಪೇಂಟರ್‌ಗೆ, ತಪ್ಪು ಮಾತ್ರ ಬಣ್ಣಕ್ಕೂ ಮುಂಚಿನದು.

ಬಣ್ಣ ಕಿತ್ತ ತಗಡು ಕರಾವಳಿಯ ಉಪ್ಪುಗಾಳಿಯಲ್ಲಿ ಒಂದು ರಾತ್ರಿ ನಿಂತರೂ ಕೆಂಪಗಾಗುತ್ತದೆ. ಕೈಬೆವರಿನ ಗುರುತೂ ತುಕ್ಕಾಗುತ್ತದೆ. ಹಾಗಾಗಿ ಆ ದಿನ ಪ್ರೈಮರ್ (ತಳಬಣ್ಣ) ಹೊಡೆಯಲು ಆಗುವಷ್ಟನ್ನೇ ಕೆರೆಯಬೇಕು. ಈ ಕೆಲಸ ದೀಪಾವಳಿ ಕಳೆದ ಮೇಲೆ ಹಿಡಿಯುವುದು ಕ್ಷೇಮ. ಬಾನೆಟ್, ಬಾಗಿಲಿಗೆ ಗಾಳಿಯ ಒತ್ತಡದಲ್ಲಿ ಮರಳು ಚಿಮ್ಮಿಸುವ ಜೋರಿನ ಸ್ಯಾಂಡ್ ಬ್ಲಾಸ್ಟಿಂಗ್ ಬೇಡ, ತೆಳು ತಗಡು ಹಿಗ್ಗಿ ಅಲೆಅಲೆಯಾಗುತ್ತದೆ. 80ನೇ ನಂಬರಿನ ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಗುಳಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಮಾತ್ರ ಫಾಸ್ಫಾರಿಕ್ ಆಸಿಡ್ ದ್ರಾವಣ ಹಚ್ಚಿ. ಅದು ಒಣಗುವ ಮೊದಲೇ ನೀರಲ್ಲಿ ತೊಳೆದು, ಒರೆಸಿ, ಕೂಡಲೇ ಬಿಸಿಗಾಳಿ ಹಿಡಿಯಿರಿ. ಆಸಿಡ್ ಉಳಿದರೆ ತೇವ ತಡೆಯುವ ಎಪಾಕ್ಸಿ ಪ್ರೈಮರ್ ಕಚ್ಚುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಜಿಡ್ಡು ತೆಗೆದು ಎಪಾಕ್ಸಿ ಎರಡು ಕೋಟ್ ಹೊಡೆಯಿರಿ. ಬಣ್ಣಕ್ಕೆ ಮುಂಚೆ ಮೈ ನಯ ಮಾಡಲು ಹೊಡೆಯುವ ಬೂದು ಸರ್ಫೇಸರ್ ತೇವ ಹೀರುತ್ತದೆ. ಅದೊಂದನ್ನೇ ನಂಬಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ತುಕ್ಕು ಅಡಿಯಿಂದಲೇ ಹಬ್ಬಿರುತ್ತದೆ.

ತೂತಿನ ಮೇಲೆ ಪುಟ್ಟಿ ಮೆತ್ತುವುದಂತೂ ಗಿರಾಕಿಗೆ ಮಾಡುವ ಅನ್ಯಾಯ. ಹಿಂದಿನಿಂದ ನೀರು ಕುಡಿದು ಅದು ಉಬ್ಬಲೇಬೇಕು. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಅದೇ ದಪ್ಪದ ತಗಡು ವೆಲ್ಡ್ ಮಾಡಬೇಕು. ಪದ್ಮಿನಿ, ಅಂಬಾಸಿಡರ್ ಎರಡಕ್ಕೂ ಬೇರೆ ಚಾಸಿ (ಅಡಿಚೌಕಟ್ಟು) ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲಡಿಯ ಸಿಲ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಚೌಕ ಪೈಪಿನ ಆಧಾರ ಕೊಡದಿದ್ದರೆ ನಡು ಜಗ್ಗಿ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಪುಟ್ಟಿ ಎಪಾಕ್ಸಿಯ ಮೇಲೆ, 2–3 ಮಿ.ಮೀ. ಮೀರದಂತೆ ಇರಲಿ. ನೀರು ಹಾಕದೆ ಉಜ್ಜಿ. ಹೀರಿದ ನೀರನ್ನು ಅದು ಬಣ್ಣದಡಿಯಲ್ಲೇ ಇಟ್ಟುಕೊಳ್ಳುತ್ತದೆ.

ಟೊಳ್ಳು ಭಾಗಗಳ ಒಳಗೆ ತುಕ್ಕು ತಡೆಯಲು ಸಿಂಪಡಿಸುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್, ಎಲ್ಲ ಬಣ್ಣ ಮುಗಿದ ಮೇಲೆ. ಮೊದಲೇ ಹೊಡೆದರೆ ಅದು ತಾಗಿದ ಕಡೆ ಬಣ್ಣ ಕೂರದೆ ಗುಳಿ ಬೀಳುತ್ತದೆ. ಉದ್ದ ನಳಿಕೆಯನ್ನು ಸಿಲ್ ಮತ್ತು ಬಾಗಿಲ ಒಳಗೆ ತೂರಿಸಿ ಸಿಂಪಡಿಸಿ, ಆಮೇಲೆ ನೀರಿಳಿಯುವ ತೂತುಗಳಲ್ಲಿ ತಂತಿ ಆಡಿಸಿ ನೋಡಿ. ಇದಕ್ಕೆ ಬದಲಾಗಿ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ಬಿಡಬೇಕು. ಅದು ರಬ್ಬರ್ ಕೆಡಿಸುತ್ತದೆ, ಮುಂದಿನ ವೆಲ್ಡಿಂಗ್, ಪೇಂಟಿಂಗ್‌ಗೂ ಅಡ್ಡಿ.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಿದ್ದರೆ ಬಾಡಿ ಮೂಲರೂಪದಲ್ಲೇ ಇರಬೇಕು. ಇರುವ ತಗಡನ್ನು ಉಳಿಸಿಕೊಳ್ಳಲು ಅದೂ ಒಂದು ಕಾರಣ. ಗಾಡಿ ಕೊಟ್ಟವರು ಎಪಾಕ್ಸಿ ಹೊಡೆದ ದಿನವೇ ಗ್ಯಾರೇಜಿಗೆ ಹೋಗಿ, ಮ್ಯಾಟ್ ತೆಗೆಸಿ, ಕಾಲಡಿಯ ತಗಡನ್ನು ಕಣ್ಣಾರೆ ನೋಡಿ, ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಪುಟ್ಟಿಗೆ ಒಪ್ಪಿಗೆ ಕೊಡಲಿ.

– ಹಳೆ ಕಾರುಗಳ ಟಿಂಕರಿಂಗ್ ಕೆಲಸಗಾರರು, ಉಡುಪಿ