ಸಮಾವೇಶ ನಡೆಯಿತು, ನಿಮ್ಮಿಂದ

ಭಾನುವಾರ ಸಂಜೆ ಹೋಟೆಲ್ ಬಾಗಿಲಿಂದ ನಾನು ಕೊನೆಗೆ ಬಿಡಿಸಿದ್ದು ಒಂದು ಹಾಳೆ. ಅದರ ಮೇಲೆ ದಪ್ಪ ಪೆನ್ನಿನಲ್ಲಿ, ಕನ್ನಡ ಬಾರದ ಕೈಯಲ್ಲಿ, 'ನಾಳೆ ಬಾ' ಅಂತ ಬರೆದಿತ್ತು. ಅದನ್ನು ಎಸೆಯಲು ಮನಸ್ಸಾಗಲಿಲ್ಲ. ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಆ ಹಾಳೆಯ ಕಥೆ ಆಮೇಲೆ ಹೇಳುತ್ತೇನೆ.

ಲೀಡ್ಸ್‌ನ ನಮ್ಮ ಪುಟ್ಟ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಸಮಾವೇಶ ಈ ವರ್ಷವೂ ನಡೆಯಿತು. ಸದಸ್ಯರ ಪಟ್ಟಿ, ದುಡ್ಡಿನ ಲೆಕ್ಕ ನೋಡಿಕೊಳ್ಳುವವಳು ನಾನು. ಸಮಿತಿಯ ಪತ್ರ ಎಲ್ಲರಿಗೂ ಇಂಗ್ಲಿಷ್‌ನಲ್ಲಿ ಹೋಗಿದೆ. ಆದರೆ ಈ ಸಲ ಸುತ್ತಮುತ್ತಲಿನ ಕನ್ನಡದ ಮನೆಗಳಿಂದ ಬಂದ ಸಹಾಯ ಅಂಥದ್ದು. ಅದಕ್ಕೆ ನಮ್ಮ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಏನಾಯಿತು ಅಂತ ಕೆಲವರಿಗೆ ಪೂರ್ತಿ ಗೊತ್ತಿಲ್ಲ. ಮುಖ್ಯ ಅತಿಥಿಯಾಗಿ ಬರಬೇಕಿದ್ದ ಲೇಖಕಿಗೆ ಆರು ವಾರ ಮುಂಚೆ ಆರೋಗ್ಯ ಕೆಟ್ಟಿತು. ಅವರೇ ಫೋನ್ ಮಾಡಿ ಕ್ಷಮೆ ಕೇಳಿದರು. ನನಗೆ ಗಂಟಲು ಕಟ್ಟಿತು. ಈಗ ಚೇತರಿಸಿಕೊಳ್ಳುತ್ತಿದ್ದಾರೆ, ಆ ಸುದ್ದಿ ಎಲ್ಲಕ್ಕಿಂತ ದೊಡ್ಡದು. ಅದೇ ವಾರ ಇನ್ನೊಂದು ಪೆಟ್ಟು. ನಮಗೆ ಅಂತ ಗೊತ್ತುಮಾಡಿದ್ದ ದೊಡ್ಡ ಹಾಲನ್ನು ಹೋಟೆಲ್‌ನವರು ಬೇರೆ ಯಾರಿಗೋ ಕೊಟ್ಟುಬಿಟ್ಟಿದ್ದರು. ಅತಿಥಿ ಇಲ್ಲ, ಹಾಲ್ ಇಲ್ಲ. ಹೊಸ ಸದಸ್ಯರು ಬರುವುದು ನಿಂತೇಹೋಯಿತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಭಿಮಾನಿಗಳೇ ಸೇರಿ ನಡೆಸುವ ಇಂಥ ಸಮಾವೇಶಗಳಲ್ಲಿ ಟಿಕೆಟ್ ಅನ್ನುವ ಮಾತಿಲ್ಲ. ಬರುವವರೆಲ್ಲ ಸದಸ್ಯರು. ನಮ್ಮಲ್ಲಿ ಸಮಿತಿಯವರೂ ದುಡ್ಡು ಕೊಟ್ಟೇ ಸದಸ್ಯರಾಗುತ್ತೇವೆ. ಯಾರಿಗೂ ಸಂಬಳ ಇಲ್ಲ. ಅತಿಥಿಗೆ ಪ್ರಯಾಣ, ರೂಮು, ಊಟದ ಖರ್ಚು ಕೊಡುತ್ತೇವೆ, ಅಷ್ಟೇ. ಹಾಗಾಗಿ ಸದಸ್ಯತ್ವದ ದುಡ್ಡು ಬಂದರೆ ಹೋಟೆಲ್ ಬಾಡಿಗೆ, ಬರದಿದ್ದರೆ ಸಮಾವೇಶವೇ ಇಲ್ಲ.

ಆ ದಿನಗಳಲ್ಲಿ ನಾನು ಕೆಲಸ ಮುಗಿಸಿ ಬರುವಾಗ ಸುತ್ತು ಹಾಕಿಕೊಂಡು ಕ್ವೀನ್ ಸ್ಕ್ವೇರ್ ಕಡೆಯಿಂದ ನಡೆದು ಬರುತ್ತಿದ್ದೆ. 1937ರ ಜನವರಿ 3ರ ಭಾನುವಾರ, ಅಲ್ಲಿನ ಥಿಯಾಸಾಫಿಕಲ್ ಹಾಲ್‌ನಲ್ಲಿ ಇಪ್ಪತ್ತರಷ್ಟು ಜನ ಸೇರಿದ್ದರು. ಮೊದಲೇ ಗೊತ್ತುಮಾಡಿ ಸೇರಿದ ಜಗತ್ತಿನ ಮೊದಲ ಸೈನ್ಸ್ ಫಿಕ್ಷನ್ ಸಮಾವೇಶ ಅದೇ ಅಂತ ನಮ್ಮೂರಿನವರು ಹೇಳುತ್ತಾರೆ. 1936ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಕೆಲವರು ರೈಲು ಹತ್ತಿ ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲಿನವರನ್ನು ಕಂಡರಲ್ಲ, ಅದೇ ಮೊದಲು ಅಂತ ಅಮೆರಿಕದವರ ವಾದ. ನಾನು ಲೀಡ್ಸ್ ಕಡೆಯವಳು. ಆ ಇಪ್ಪತ್ತರಲ್ಲಿ, ಮುಂದೆ ಹೆಸರಾಂತ ಸೈನ್ಸ್ ಫಿಕ್ಷನ್ ಲೇಖಕರಾದ ಆರ್ಥರ್ ಸಿ. ಕ್ಲಾರ್ಕ್ ಕೂಡ ಇದ್ದರು, ಆಗಷ್ಟೇ ಹತ್ತೊಂಬತ್ತು ತುಂಬಿದ ಹುಡುಗ. ಚಳಿಗಾಲದ ಭಾನುವಾರ ಮನೆ ಬಿಟ್ಟು ಬಂದ ಅಷ್ಟೇ ಜನ. ನಮ್ಮ ಪಟ್ಟಿಯಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಹೆಸರುಗಳಿದ್ದವು. ಅದನ್ನು ನೆನೆದು ಧೈರ್ಯ ತಂದುಕೊಳ್ಳುತ್ತಿದ್ದೆ.

ಅತಿಥಿ ಬರುತ್ತಿಲ್ಲ, ಬೇಕಾದವರು ದುಡ್ಡು ವಾಪಸ್ ಕೇಳಬಹುದು ಅಂತ ಎಲ್ಲರಿಗೂ ಬರೆದೆವು. ಆ ರಾತ್ರಿ ನಾನು ಮೇಲ್ ತೆಗೆಯಲು ಹೆದರಿ ಕೂತಿದ್ದೆ. ಬೆಳಿಗ್ಗೆ ನೋಡಿದರೆ ದುಡ್ಡು ಕೇಳಿದವರು ಮೂರೇ ಜನ. ಮೂವರಿಗೂ ನಿಜವಾದ ಕಷ್ಟವಿತ್ತು. ಉಳಿದ ಮೇಲ್‌ಗಳಲ್ಲಿ ಇದ್ದಿದ್ದು 'ನಾವು ಬರುತ್ತೇವೆ, ಏನು ಕೆಲಸ ಮಾಡಲಿ ಹೇಳಿ' ಅನ್ನುವ ಮಾತು. ಬರಲು ಆಗದ ಒಬ್ಬರು ತಮ್ಮ ಸದಸ್ಯತ್ವವನ್ನು ಯಾರಾದರೂ ವಿದ್ಯಾರ್ಥಿಗೆ ಕೊಡಿ ಅಂದರು. ಅದನ್ನು ನೋಡಿ ಇನ್ನೂ ಹನ್ನೊಂದು ಜನ ಒಂದೊಂದು ಸದಸ್ಯತ್ವ ಹೆಚ್ಚಿಗೆ ಕೊಂಡು ಕೊಟ್ಟರು. ಆ ಹನ್ನೊಂದರಲ್ಲಿ ನಾಲ್ಕು ಕನ್ನಡದ ಮನೆಯವು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಆ ಹನ್ನೆರಡು ವಿದ್ಯಾರ್ಥಿಗಳು ಬಂದರು, ಮೊದಲ ಸಾಲಿನಲ್ಲೇ ಕೂತರು. ನಿಮಗೆ ಇಷ್ಟು ಗೊತ್ತಿರಲಿ.

ಅತಿಥಿಯ ಜಾಗಕ್ಕೆ ಬಂದ ಲೇಖಕರಿಗೆ ನಾವು ಫೋನ್ ಮಾಡಿದ್ದು ಒಂದು ಬುಧವಾರ. ಅವರು ಯೋಚಿಸಲು ಒಂದು ದಿನ ಕೇಳುತ್ತಾರೆ ಅಂದುಕೊಂಡಿದ್ದೆ. 'ಎಷ್ಟು ಗಂಟೆಗೆ ಬರಲಿ?' ಅಂದರು. ಸಣ್ಣ ಹಾಲ್‌ನಲ್ಲಿ ಜನ ಹಿಡಿಸುವುದಿಲ್ಲ ಅಂತ ಗೊತ್ತಾದಾಗ ಒಂದೇ ಮಾತುಕತೆಯನ್ನು ಎರಡು ಸಲ ನಡೆಸಿಕೊಟ್ಟರು. ಎರಡನೇ ಸಲವೂ ಅದೇ ಹುರುಪು.

ಆ 'ನಾಳೆ ಬಾ' ಹಾಳೆ ಹುಟ್ಟಿದ್ದು ಅವರ ಜೊತೆಗಿನ ದೆವ್ವದ ಕಥೆಗಳ ಗೋಷ್ಠಿಯಲ್ಲಿ. ಒಂದು ಕುರ್ಚಿ ಖಾಲಿ ಇದೆ ಅಂತ ನನ್ನನ್ನು ಕೂರಿಸಿದರು. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರಲ್ಲ, ಅದನ್ನು ಹೇಳಿದೆ. ರಾತ್ರಿ ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ. ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲಿನ ಬರಹ ಓದಿ ಅದು ವಾಪಸ್ ಹೋಗುತ್ತದೆ, ಮಾರನೇ ದಿನ ಬಂದು ಮತ್ತೆ ಓದುತ್ತದೆ. ಹಾಲ್ ಪೂರ್ತಿ ಗಪ್‌ಚುಪ್. ಆಮೇಲೆ ಅತಿಥಿ ಮೆಲ್ಲಗೆ ಕೇಳಿದರು: 'ಹಾಗಾದರೆ ಅದು ಕೊಟ್ಟ ಮಾತಿಗೆ ಮರ್ಯಾದೆ ಕೊಡುವ ದೆವ್ವ, ಅಲ್ವಾ?' ಚಿಕ್ಕಂದಿನಿಂದ ಕೇಳಿದ ಕಥೆ. ಹಾಗೆ ನಾನು ಎಂದೂ ಯೋಚಿಸಿರಲಿಲ್ಲ. ಗೋಷ್ಠಿ ಮುಗಿದ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ನನ್ನಿಂದ ಅಕ್ಷರ ಬರೆಸಿಕೊಂಡು, ನೋಡಿಕೊಂಡು ತಾನೇ ಬರೆದು, ಬಾಗಿಲಿಗೆ ಅಂಟಿಸಿದಳು.

ಇನ್ನು ಅತ್ತೆ. ಹಾಸನದಿಂದ ಬಂದು ಎರಡೇ ವಾರ ಆಗಿತ್ತು. ಭಾಷಣಕಾರರು ಕೂರುವ ಕೋಣೆಗೆ ಸುಮ್ನೆ ಒಂದು ಡಬ್ಬ ಕೋಡುಬಳೆ ಕಳಿಸಿದರು. ಶನಿವಾರ ಮಧ್ಯಾಹ್ನಕ್ಕೆ ಡಬ್ಬ ಖಾಲಿ. ರಾತ್ರಿ ಕೂತು ಇನ್ನೆರಡು ಡಬ್ಬ ಕರಿದರು. ಅತ್ತೆ, ನಿಮಗೆ ನಮಸ್ಕಾರ. ಬಾಗಿಲು ಕಾದ, ಕುರ್ಚಿ ಎತ್ತಿದ, ನೀರಿನ ಜಗ್ಗು ತುಂಬಿದ ಮಕ್ಕಳೇ, ನಿಮಗೂ. ಇಂಥ ಓಡಾಟದ ಕೆಲಸ ಮಾಡುವವರನ್ನು ಇಲ್ಲಿ ಗೋಫರ್ ಅನ್ನುತ್ತಾರೆ. ಅವರಿಲ್ಲದೆ ಒಂದು ಗಂಟೆಯೂ ಸಮಾವೇಶ ನಡೆಯುವುದಿಲ್ಲ.

ಲೆಕ್ಕ ಮುಗಿದಿದೆ. ಹೋಟೆಲ್ ಬಾಕಿ ತೀರಿದೆ, ಸಾಲ ಇಲ್ಲ. ಮುಂದಿನ ವರ್ಷದ ಅತಿಥಿ ಒಬ್ಬ ಚಿತ್ರಕಲಾವಿದೆ. ನನಗೆ ಇದು ತುಂಬಾ ಖುಷಿ. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊದಲ ವಿಶ್ವ ಸಮಾವೇಶದ ಗೌರವ ಅತಿಥಿಯೂ ಕಥೆ ಬರೆಯುವವರಲ್ಲ, ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದ ಫ್ರ್ಯಾಂಕ್ ಆರ್. ಪಾಲ್. ಈ ವರ್ಷ ಬರಲಾಗದ ಲೇಖಕಿಯನ್ನೂ ಕರೆದಿದ್ದೇವೆ. ಡಾಕ್ಟರ್ ಒಪ್ಪಿದರೆ ಬರುತ್ತಾರೆ. ಸದಸ್ಯತ್ವ ಮುಂದಿನ ತಿಂಗಳು ಒಂದನೇ ತಾರೀಖಿಗೆ ಶುರು. ಶುಲ್ಕ ಏರಿಸಿಲ್ಲ. ವಿದ್ಯಾರ್ಥಿಗಳಿಗೆ ಕೊಂಡುಕೊಡುವ ಸದಸ್ಯತ್ವಕ್ಕೆ ಫಾರಂನಲ್ಲಿ ಬೇರೆ ಜಾಗವೇ ಇಟ್ಟಿದ್ದೇವೆ. ಸದಸ್ಯತ್ವದ ಏಳನೇ ನಂಬರ್ ಮಾತ್ರ ಬೇರೆ ಯಾರಿಗೂ ಸಿಗುವುದಿಲ್ಲ. ಪೋಸ್ಟ್ ಆಫೀಸಿನಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು ಪ್ರತಿವರ್ಷ ಅದೇ ನಂಬರ್ ಕೇಳುತ್ತಾರೆ. ಅವರ ಚೆಕ್ ಸೋಮವಾರ ಬೆಳಿಗ್ಗೆಯ ಅಂಚೆಯಲ್ಲೇ ಬಂದಿದೆ. ಅಂದರೆ ಶನಿವಾರವೇ, ಸಮಾವೇಶ ಮುಗಿಯುವ ಮೊದಲೇ, ಹೋಟೆಲ್ ಪಕ್ಕದ ಡಬ್ಬಿಗೆ ಹಾಕಿರಬೇಕು.